ಮೊದಲ ಗುಂಡು ಯಾರದೆಂದರೆ ಅಂಕವಿಲ್ಲ

ಪೋಷಕರೆಲ್ಲ ಒಂದೊಂದು ಚೀಟಿ ಹಿಡಿದು ಕೋಣೆಯ ನಂಬರು ಹುಡುಕುತ್ತಿದ್ದಾರೆ. ಚೀಟಿಯಲ್ಲಿರುವುದು ಅವರವರ ಮಕ್ಕಳ ವೇಳಾಪಟ್ಟಿ. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ಒಂದು ಸರ್ಕಾರಿ ಹೈಸ್ಕೂಲು. ಶಾಲೆ ಶುರುವಾದ ಹೊಸತು, ‘ಬ್ಯಾಕ್ ಟು ಸ್ಕೂಲ್ ನೈಟ್’. ಮಕ್ಕಳು ಹಗಲಲ್ಲಿ ಯಾವ ಕ್ರಮದಲ್ಲಿ ಕೋಣೆಯಿಂದ ಕೋಣೆಗೆ ಹೋಗುತ್ತಾರೋ ಅದೇ ಕ್ರಮದಲ್ಲಿ ಸಂಜೆ ಅಪ್ಪ ಅಮ್ಮ ಹೋಗಿ ಕೂರಬೇಕು. ಒಂದು ಪಿರಿಯಡ್ಡಿಗೆ ಹತ್ತೇ ನಿಮಿಷ. ಬೆಲ್ ಹೊಡೆದರೆ ಮೇಷ್ಟ್ರ ಮಾತು ಅರ್ಧಕ್ಕೇ ನಿಲ್ಲುತ್ತದೆ, ಜನ ಎದ್ದು ಹೊರಡುತ್ತಾರೆ. ತಂಗಿಗೆ ಆಫೀಸಿನ ಮೀಟಿಂಗು ಬಂದದ್ದರಿಂದ ಅವಳ ಗಂಡನ ಜತೆ ನಾನು ಬಂದಿದ್ದೆ. ಅವರ ಮಗಳು, ನನ್ನ ಸೋದರಸೊಸೆ, ಹನ್ನೊಂದನೇ ತರಗತಿ. ಗಣಿತ, ಕೆಮಿಸ್ಟ್ರಿ, ಸ್ಪ್ಯಾನಿಷ್ ಎಲ್ಲ ಸುತ್ತಿ ಕಡೆಯ ಪಿರಿಯಡ್ಡಿಗೆ ಬಂದಾಗ ಸಿಕ್ಕಿದ್ದು ಅಮೆರಿಕದ ಇತಿಹಾಸ.

ಬಾಗಿಲ ಪಕ್ಕದಲ್ಲೇ ಒಂದು ಬಟ್ಟೆ ತೂಗುಹಾಕಿದೆ, ಅದರ ತುಂಬ ನಂಬರು ಬರೆದ ಪುಟ್ಟ ಜೇಬುಗಳು. ಒಳಗೆ ಬಂದ ಹುಡುಗರು ಮೊಬೈಲನ್ನು ತಮ್ಮ ನಂಬರಿನ ಜೇಬಿಗೆ ಹಾಕಿಯೇ ಕೂರಬೇಕು. ಯಾವ ಜೇಬು ಖಾಲಿಯೋ ಅವರು ಗೈರು. ಹಾಜರಿಯ ಕೆಲಸವೂ ಅಲ್ಲೇ ಆಗಿಹೋಗುತ್ತದೆ. ಮೂಲೆಯಲ್ಲಿ ರಾಷ್ಟ್ರಧ್ವಜ. ಹಿಂದಿನ ಗೋಡೆಯ ಉದ್ದಕ್ಕೂ ಕಾಗದದ ಕಾಲರೇಖೆ. ಅದು ಶುರುವಾಗುವುದು 1491ರಿಂದ, ಅಂದರೆ ಕೊಲಂಬಸ್ ಬರುವುದಕ್ಕೆ ಒಂದು ವರ್ಷ ಮುಂಚಿನಿಂದ. ಅವನು ಬರುವ ಮೊದಲೂ ಇಲ್ಲಿ ಜನ ಇದ್ದರು ಎಂಬುದನ್ನು ಆ ಒಂದು ವರ್ಷವೇ ಹೇಳುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷ ಅಮೆರಿಕದ ಇತಿಹಾಸ ಓದದೆ ಹೈಸ್ಕೂಲು ಮುಗಿಯುವುದಿಲ್ಲ. ಅದರ ಸಾದಾ ತರಗತಿಯೂ ಇದೆ, ಎಪಿ ಎಂಬ ಕಾಲೇಜು ಮಟ್ಟದ ತರಗತಿಯೂ ಇದೆ. ನಾವು ಕೂತದ್ದು ಎರಡನೆಯದರಲ್ಲಿ. ಇದರ ಪಠ್ಯವನ್ನು ರೂಪಿಸುವುದು, ಮೇ ತಿಂಗಳಲ್ಲಿ ದೇಶಕ್ಕೆಲ್ಲ ಒಂದೇ ಪರೀಕ್ಷೆ ನಡೆಸುವುದು ಕಾಲೇಜ್ ಬೋರ್ಡ್ ಎಂಬ ಸಂಸ್ಥೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಪ್ರವೇಶಕ್ಕೆ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಲೆಕ್ಕ ಹಾಕುವಾಗ ಸಾದಾ ತರಗತಿಯ ‘ಎ’ ಗ್ರೇಡಿಗೆ 4, ಎಪಿಯ ‘ಎ’ ಗ್ರೇಡಿಗೆ 5. ನಮ್ಮವರ ಮಕ್ಕಳು ಇಲ್ಲಿ ಯಾಕೆ ಕಿಕ್ಕಿರಿದಿದ್ದಾರೆ ಎಂದು ಕೇಳುವ ಅಗತ್ಯವೇ ಇಲ್ಲ.

ಮೇಷ್ಟ್ರಿಗೆ ನಲವತ್ತರ ಆಸುಪಾಸು. ಡೆಸ್ಕುಗಳ ಮೇಲೆ ಎರಡು ಹಾಳೆ ಮೊದಲೇ ಇಟ್ಟಿದ್ದರು. ಮೊದಲನೆಯದು ನಿಯಮಗಳದ್ದು, ಅದಕ್ಕೆ ವಿದ್ಯಾರ್ಥಿ ಮತ್ತು ಪೋಷಕರು ಇಬ್ಬರೂ ಸಹಿ ಹಾಕಿ ವಾಪಸ್ ಕೊಡಬೇಕು. ಟೆಸ್ಟುಗಳಿಗೆ ಶೇ 40, ಪ್ರಬಂಧಗಳಿಗೆ 35, ದಿನದ ಕೆಲಸಕ್ಕೆ 15, ಚರ್ಚೆಯಲ್ಲಿ ಬಾಯಿ ಬಿಡುವುದಕ್ಕೆ 10. ಒಟ್ಟು 90 ದಾಟಿದರೆ ಎ, 80ಕ್ಕೆ ಬಿ, 70ಕ್ಕೆ ಸಿ. ತಡವಾಗಿ ತಂದ ಕೆಲಸಕ್ಕೆ ದಿನಕ್ಕೆ ಶೇ 10 ಕಡಿತ. ಪ್ರಬಂಧವನ್ನು ಮನೆಯಲ್ಲಿ ಬರೆದು ತರುವಂತಿಲ್ಲ, ತರಗತಿಯಲ್ಲೇ ಕೂತು ಬರೆಯಬೇಕು. ಚಾಟ್‌ಜಿಪಿಟಿ ಬಂದ ಮೇಲಿನ ಬದಲಾವಣೆ ಇದು ಎಂದು ಮೇಷ್ಟ್ರೇ ಹೇಳಿದರು. ಇಷ್ಟನ್ನು ಅವರು ಮೂರು ನಿಮಿಷದಲ್ಲಿ ಓದಿ ಮುಗಿಸಿದರು. ಪೋಷಕರು ಮಾತ್ರ ಆ ಹಾಳೆಯ ಫೋಟೊ ತೆಗೆಯುತ್ತಲೇ ಇದ್ದರು.

“ಈಗ ಎರಡನೇ ಹಾಳೆ ತಿರುಗಿಸಿ. ನಿಮ್ಮ ಮಕ್ಕಳು ಮೊದಲ ವಾರ ಮಾಡಿದ್ದನ್ನು ನೀವೂ ಮಾಡಿ” ಅಂದರು.

ಹಾಳೆಯಲ್ಲಿ ಎರಡು ದಾಖಲೆ. ಎರಡೂ 1775ರ ಏಪ್ರಿಲ್ 19ರ ಬೆಳಗಿನ ಜಾವದ ಬಗ್ಗೆ. ಮ್ಯಾಸಚೂಸೆಟ್ಸಿನ ಲೆಕ್ಸಿಂಗ್ಟನ್ ಊರಿನ ಬಯಲಿನಲ್ಲಿ ಬ್ರಿಟಿಷ್ ಸೈನಿಕರೂ ಊರಿನ ಬಂದೂಕುಧಾರಿ ರೈತರೂ ಎದುರುಬದುರಾದರು. ಗುಂಡು ಹಾರಿತು. ಊರಿನವರಲ್ಲಿ ಎಂಟು ಮಂದಿ ಸತ್ತರು. ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾದದ್ದು ಅಲ್ಲಿಂದ. ಒಂದನೇ ದಾಖಲೆ ಬ್ರಿಟಿಷ್ ಲೆಫ್ಟಿನೆಂಟ್ ಜಾನ್ ಬಾರ್ಕರ್‌ನ ದಿನಚರಿ. ಅವರ ಕಡೆಯಿಂದ ಒಂದೆರಡು ಗುಂಡು ಬಂತು, ಆಮೇಲೆ ನಮ್ಮವರು ಆಜ್ಞೆಗೂ ಕಾಯದೆ ನುಗ್ಗಿ ಗುಂಡು ಹಾರಿಸಿದರು ಎಂಬುದು ಅವನ ಮಾತಿನ ಸಾರ. ಎರಡನೆಯದು ಊರಿನ 34 ಮಂದಿ ಆರು ದಿನದ ನಂತರ ಪ್ರಮಾಣ ಮಾಡಿ ಕೊಟ್ಟ ಹೇಳಿಕೆ. ನಾವು ಬೆನ್ನು ತಿರುಗಿಸಿ ಚದುರುತ್ತಿದ್ದಾಗ ಸೈನಿಕರು ನಮ್ಮ ಮೇಲೆ ಹಾರಿಸಿದರು ಎನ್ನುತ್ತದೆ ಅದು.

“ಮೊದಲ ಗುಂಡು ಯಾರದು?”

ಒಬ್ಬರು ಬ್ರಿಟಿಷರದು ಅಂದರು. ಮೇಷ್ಟ್ರು ಬೋರ್ಡಿನ ಮೇಲೆ ದೊಡ್ಡದಾಗಿ ಸೊನ್ನೆ ಬರೆದರು. ಮುಂದಿನ ಸಾಲಿನ ಚೀನೀ ಮೂಲದ ತಾಯಿಯೊಬ್ಬರು, ಹಾಗಾದರೆ ಊರಿನವರದು, ಅಂದರು. ಅದಕ್ಕೂ ಸೊನ್ನೆ. ಕೋಣೆಯಲ್ಲಿ ನಗು. ನನ್ನ ಪಕ್ಕದಲ್ಲಿದ್ದ ಭಾವಮೈದ ತಡೆಯಲಾರದೆ ಕೈಯೆತ್ತಿದ: “ಪ್ರಮಾಣ ಮಾಡಿದ್ದಾರಲ್ಲ, ಅದೂ ಮೂವತ್ತನಾಲ್ಕು ಜನ. ಹೆಚ್ಚು ನಂಬಬಹುದಲ್ಲವೇ?”

“ಆರು ದಿನ ಆದಮೇಲೆ ಪ್ರಮಾಣ ಯಾಕೆ ಬೇಕಾಯ್ತು? ಯಾರಿಗೆ ತೋರಿಸೋಕೆ?”

ಭಾವಮೈದ ಸುಮ್ಮನಾದ. ವಿಷಯ ಇಷ್ಟು: ಮ್ಯಾಸಚೂಸೆಟ್ಸಿನ ನಾಯಕರು ಆ ಹೇಳಿಕೆಗಳನ್ನು ಸಂಗ್ರಹಿಸಿದ್ದು ಲಂಡನ್ನಿಗೆ ಕಳಿಸುವುದಕ್ಕೆ. ಬ್ರಿಟಿಷ್ ಸೇನಾಧಿಪತಿಯ ವರದಿಗಿಂತ ಮೊದಲೇ ಅವು ಅಲ್ಲಿಗೆ ತಲುಪುವಂತೆ ಹಡಗು ಓಡಿಸಿದರು, ತಲುಪಿಯೂ ತಲುಪಿದವು. ಅಂದಮೇಲೆ ಅವು ಸಾಕ್ಷ್ಯವೂ ಹೌದು, ಪ್ರಚಾರವೂ ಹೌದು. ಆ ಕಡೆ ಬಾರ್ಕರ್ ಬರೆದದ್ದು ತನ್ನದೇ ದಿನಚರಿಯಲ್ಲಿ. ತನ್ನ ಸೈನಿಕರು ಆಜ್ಞೆ ಮೀರಿದರು ಎಂದು ಅಧಿಕಾರಿಯೊಬ್ಬ ತಾನಾಗಿ ಬರೆದುಕೊಂಡರೆ ಆ ಭಾಗವನ್ನು ನಂಬಬಹುದು. ಆದರೆ ಮೊದಲು ಹಾರಿಸಿದ್ದು ಊರಿನವರೇ ಎನ್ನುವ ಸಾಲನ್ನೂ ಅಷ್ಟೇ ನಂಬಬೇಕೆ? ಯಾರು ಹಾರಿಸಿದರೆಂದು ಇತಿಹಾಸಕಾರರಿಗೂ ಇವತ್ತಿನವರೆಗೆ ಖಚಿತವಿಲ್ಲ. ಯಾವ ದಾಖಲೆಯನ್ನು ಎಷ್ಟು ನಂಬುತ್ತೀರಿ, ಯಾಕೆ ನಂಬುತ್ತೀರಿ ಎಂದು ಬರೆದರೆ ಮಾತ್ರ ಈ ಕೋಣೆಯಲ್ಲಿ ಅಂಕ.

ಈ ಬಗೆಯ ಪಾಠವನ್ನು ಅಮೆರಿಕದ ಶಾಲೆಗಳಲ್ಲಿ ಹರಡಿದವರಲ್ಲಿ ಸ್ಟ್ಯಾನ್‌ಫರ್ಡಿನ ಸ್ಯಾಮ್ ವೈನ್‌ಬರ್ಗ್ ಅವರದು ಮುಖ್ಯ ಹೆಸರು. ಫ್ರೀಮಾಂಟಿನಿಂದ ಸ್ಟ್ಯಾನ್‌ಫರ್ಡಿಗೆ ಕೊಲ್ಲಿಯ ಸೇತುವೆ ದಾಟಿದರೆ ಆಯಿತು. ನಾನು ಓದಿದ ಕಾಲದಲ್ಲಿ ಪಾಣಿಪತ್ ಯುದ್ಧಕ್ಕೆ ಕಾರಣಗಳೂ ಪರಿಣಾಮಗಳೂ ಪುಸ್ತಕದಲ್ಲೇ ಸಾಲಾಗಿ ಇರುತ್ತಿದ್ದವು. ಎಷ್ಟು ಅಂಶ ಬರೆದೆವೋ ಅಷ್ಟು ಅಂಕ. ಬಾಬರನ ಆತ್ಮಕಥೆಯ ಒಂದು ಪುಟ ಕೊಟ್ಟು, ‘ಇದನ್ನು ಇವನು ಯಾಕೆ ಹೀಗೆ ಬರೆದ’ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಗೊತ್ತಾಗುತ್ತಿರಲಿಲ್ಲ, ಆ ಮಾತು ಬೇರೆ.

ಹಾಗೆಂದು ಇಲ್ಲಿ ಎಲ್ಲ ಸ್ವತಂತ್ರ ಚಿಂತನೆ ಎಂದು ಮರುಳಾಗಬೇಕಿಲ್ಲ. ಕಡೆಯ ಪಿರಿಯಡ್ಡಾದ್ದರಿಂದ ಬೆಲ್ ಹೊಡೆದರೂ ಕೆಲವರು ಉಳಿದೆವು. ಮೇಷ್ಟ್ರು ಪ್ರಬಂಧ ತಿದ್ದುವ ಪಟ್ಟಿ ತೋರಿಸಿದರು. ಮೇ ಪರೀಕ್ಷೆಯ ದೊಡ್ಡ ಪ್ರಶ್ನೆಯಲ್ಲಿ ಏಳು ದಾಖಲೆ ಕೊಡುತ್ತಾರೆ, ಒಂದು ಗಂಟೆ ಸಮಯ, ಒಟ್ಟು ಏಳು ಅಂಕ. ಒಂದು ನಿಲುವನ್ನು ಸ್ಪಷ್ಟವಾಗಿ ಹೇಳಿದರೆ ಒಂದು ಅಂಕ. ಆ ಕಾಲದ ಹಿನ್ನೆಲೆ ಹೇಳಿದರೆ ಒಂದು. ನಾಲ್ಕಾದರೂ ದಾಖಲೆಗಳನ್ನು ವಾದಕ್ಕೆ ಬಳಸಿದರೆ ಎರಡು. ದಾಖಲೆಗಳಲ್ಲಿ ಇಲ್ಲದ ಒಂದು ಪುರಾವೆಯನ್ನು ತನ್ನ ಓದಿನಿಂದ ತಂದರೆ ಒಂದು. ಎರಡು ದಾಖಲೆಗಳ ಬಗ್ಗೆ, ಬರೆದವನು ಯಾರು, ಯಾರಿಗಾಗಿ ಬರೆದ ಎಂದು ವಿವರಿಸಿದರೆ ಇನ್ನೊಂದು. ಏಳನೆಯ ಅಂಕ ವಿಷಯದ ಜಟಿಲತೆಯನ್ನು ಅರಿತವರಿಗೆ. ಅದು ದಕ್ಕುವುದು ಕಷ್ಟ.

ಈ ಪಟ್ಟಿ ಮಕ್ಕಳಿಗೆ ಬಾಯಿಪಾಠ. ಸೊಸೆ ಮನೆಯಲ್ಲಿ ಒಂದು ದಿನ ತನ್ನ ಪ್ರಬಂಧ ತೋರಿಸಿ, “ಮಾವ, ಈ ಪ್ಯಾರಾ ಹಿನ್ನೆಲೆ ಪಾಯಿಂಟಿಗೆ, ಇದು ಹೊರಗಿನ ಪುರಾವೆಗೆ” ಎಂದು ಬೆರಳಿಟ್ಟು ವಿವರಿಸಿದ್ದಳು. ವಾದ ಏನಮ್ಮ ಎಂದರೆ, ತುಸು ಯೋಚಿಸಬೇಕಾಯಿತು ಅವಳಿಗೆ. ನಮ್ಮಲ್ಲಿ ಗೈಡು ಉರು ಹೊಡೆಯುತ್ತಾರೆ, ಇಲ್ಲಿ ಅಂಕದ ಪಟ್ಟಿ ಉರು ಹೊಡೆಯುತ್ತಾರೆ. ಆದರೂ ನನ್ನ ಮತ ಈ ಪಟ್ಟಿಗೇ. ಅಂಕದ ಆಸೆಗಾದರೂ ಹದಿನಾರರ ಹುಡುಗಿಯೊಬ್ಬಳು ದಿನಚರಿಯೊಂದನ್ನು ಅನುಮಾನದಿಂದ ಓದುವುದನ್ನು ಕಲಿಯುತ್ತಾಳೆ.

ಪೋಷಕರು ಉಳಿದದ್ದು ಬಾರ್ಕರ್‌ಗಾಗಿ ಅಲ್ಲ. ಮೊಬೈಲಿನ ಆ್ಯಪಿನಲ್ಲಿ ಮಕ್ಕಳ ಗ್ರೇಡು ದಿನಾ ಕಾಣುತ್ತದೆ. ಹಾಲಿನ ಡೈರಿಯಲ್ಲಿ ಹೊತ್ತು ಹೊತ್ತಿಗೂ ಫ್ಯಾಟು ನೋಡುವ ಹಾಗೆ ಇವರು ಅದನ್ನು ನೋಡುತ್ತಾರೆ. 89.6 ಬಂದರೆ 90 ಮಾಡುತ್ತೀರಾ ಎಂದು ಒಬ್ಬರು ಕೇಳಿದರು. ಇಲ್ಲ ಎಂದರು ಮೇಷ್ಟ್ರು. ಪ್ರಿನ್ಸಿಪಾಲರ ಹತ್ತಿರ ಹೋಗಬಹುದೇ ಎಂಬ ಪ್ರಶ್ನೆ ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಕೇಳಿದ್ದರೂ ಉಪಯೋಗವಿರಲಿಲ್ಲ. ಕ್ಯಾಲಿಫೋರ್ನಿಯಾದ ಶಿಕ್ಷಣ ಕಾಯ್ದೆಯ ಪ್ರಕಾರ ಅಧ್ಯಾಪಕರು ಕೊಟ್ಟ ಗ್ರೇಡೇ ಅಂತಿಮ. ಲೆಕ್ಕದ ತಪ್ಪು, ವಂಚನೆ, ದುರುದ್ದೇಶ ಅಥವಾ ಅಸಾಮರ್ಥ್ಯ, ಇವಿಷ್ಟರಲ್ಲಿ ಒಂದು ಇದ್ದರೆ ಮಾತ್ರ ಬದಲಾಯಿಸಬಹುದು. ನಮ್ಮೂರಿನ ಮೇಷ್ಟ್ರುಗಳಿಗೆ ಇದನ್ನು ಹೇಳಿದರೆ ಹೊಟ್ಟೆಕಿಚ್ಚು ಪಟ್ಟಾರು.

ಹೊರಡುವಾಗ ಕಾಲರೇಖೆಯ ಮುಂದೆ ನಿಂತೆವು. 1882, ಚೀನೀ ಕಾರ್ಮಿಕರು ದೇಶಕ್ಕೆ ಬರುವುದನ್ನು ತಡೆದ ಕಾನೂನು. 1923, ಭಗತ್ ಸಿಂಗ್ ಥಿಂಡ್ ‘ಬಿಳಿಯ’ರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದ ಸುಪ್ರೀಂ ಕೋರ್ಟ್ ತೀರ್ಪು. ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. 1965, ದೇಶವಾರು ಕೋಟಾ ತೆಗೆದುಹಾಕಿದ ವಲಸೆ ಕಾಯ್ದೆ. ಈ ಊರಿನ ಕನ್ನಡಿಗರು, ಆ ಕೋಣೆಯಲ್ಲಿ ಗ್ರೇಡು ಕೇಳುತ್ತಿದ್ದವರಲ್ಲಿ ಬಹುಪಾಲು ಜನ, ಇಲ್ಲಿಗೆ ಬರಲು ಬಾಗಿಲು ತೆರೆದದ್ದು ಆ ಕಾಯ್ದೆ. “ಭಾವ, ಥಿಂಡ್ ಹೆಸರು ನಾನು ಕೇಳೇ ಇರಲಿಲ್ಲ” ಅಂದ ಭಾವಮೈದ. ಅವನು ಅಮೆರಿಕದ ಪೌರತ್ವ ಪಡೆದು ಕೆಲವು ವರ್ಷವೇ ಆಗಿದೆ. ಅದಕ್ಕೂ ಇತಿಹಾಸದ ಪ್ರಶ್ನೆಗಳ ಪರೀಕ್ಷೆ ಇದೆ, ಉತ್ತರಗಳ ಸಮೇತ ಮೊದಲೇ ಅಚ್ಚುಹಾಕಿ ಕೊಟ್ಟಿರುತ್ತಾರೆ.

ಅಷ್ಟರಲ್ಲಿ ಮುಂದಿನ ಸಾಲಿನ ಆ ತಾಯಿ ಕೊನೆಯ ಪ್ರಶ್ನೆ ಕೇಳಿದರು: ತರಗತಿಯ ಗ್ರೇಡು ಮುಖ್ಯವೋ, ಮೇ ಪರೀಕ್ಷೆಯದೋ? ಎರಡಕ್ಕೂ ಸಂಬಂಧವಿಲ್ಲ ಎಂದರು ಮೇಷ್ಟ್ರು. ಪರೀಕ್ಷೆಗೆ ಒಂದರಿಂದ ಐದರವರೆಗೆ ಅಂಕ, ಅದು ಗೊತ್ತಾಗುವುದು ಜುಲೈಯಲ್ಲಿ, ಅಷ್ಟೊತ್ತಿಗೆ ಇವರ ಗ್ರೇಡು ಬರೆದು ಮುಗಿದಿರುತ್ತದೆ. ಇಲ್ಲಿ ಎ ತೆಗೆದವಳಿಗೆ ಅಲ್ಲಿ ಮೂರು ಬರಬಹುದು, ಇಲ್ಲಿ ಬಿ ತೆಗೆದವನಿಗೆ ಐದು ಬರಬಹುದು. “ಹಾಗೆ ಆದಾಗ ಯಾವ ದಾಖಲೆ ನಂಬಬೇಕು?” ಎಂದು ಆಕೆ ಕೇಳಿದ ಮಾತಿಗೆ ಮೇಷ್ಟ್ರು ಜೋರಾಗಿ ನಕ್ಕು, ಆಕೆಯ ಮಗನ ಹೆಸರು ಕೇಳಿ ಬರೆದುಕೊಂಡರು.