ವೇಗದ ಚೆಂಡಿಗೆ ಸೋಲುವುದು ಕೈಯಲ್ಲ

ಗದ್ದೆ ಕೊಯ್ಲು ಮುಗಿಯಿತೆಂದರೆ ನಮ್ಮ ಕುಂಬ್ರದ ಸುತ್ತಮುತ್ತ ಹೊನಲು ಬೆಳಕಿನ ಕ್ರಿಕೆಟ್ ಪಂದ್ಯಾಟಗಳು ಶುರು. ಅಂಡರ್ ಆರ್ಮ್ ಇರಲಿ, ಓವರ್ ಆರ್ಮ್ ಇರಲಿ, ಕ್ಯಾಚ್ ಬಿಟ್ಟ ಹುಡುಗನಿಗೆ ಬೈಗುಳ ತಪ್ಪಿದ್ದಲ್ಲ. ಗದ್ದೆಯ ಹುಣಿಯ ಮೇಲೆ ಕೂತವರ ಮಾತಿನಲ್ಲಿ ಒಂದು ಸಿದ್ಧಾಂತವೂ ಇರುತ್ತದೆ: "ಟೆನ್ನಿಸ್ ಬಾಲು ಮಾರಾಯ, ಇದನ್ನೂ ಹಿಡಿಯಲಿಕ್ಕೆ ಆಗುವುದಿಲ್ಲವಾ? ನೂರೈವತ್ತರ ಲೆದರ್ ಬಾಲ್ ಆದರೆ ಸರಿ, ಅದಕ್ಕೆ ಕೈ ಕೊಟ್ಟರೆ ಕೈಯೇ ಮುರಿದೀತು." ಈ ಮಾತಿನಲ್ಲಿ ಎರಡು ತಪ್ಪುಗಳಿವೆ. ಅವುಗಳ ಬೆನ್ನಿಗೆ ಇನ್ನೂ ಕೆಲವು ಸೇರಿಕೊಂಡಿವೆ.

ಮೊದಲು ಆ ನೂರೈವತ್ತನ್ನೇ ನೋಡೋಣ. ಟಿ.ವಿ. ಪರದೆಯಲ್ಲಿ ಮೂಡುವ ಅಂಕಿ ಚೆಂಡು ಬೌಲರನ ಕೈ ಬಿಟ್ಟ ಕ್ಷಣದ ವೇಗ. ಕೀಪರನ ಗ್ಲೌಸಿಗೆ ಬರುವ ವೇಗ ಅದಲ್ಲ. 2003ರ ಫೆಬ್ರವರಿ 22ರಂದು ಕೇಪ್‌ಟೌನ್‌ನಲ್ಲಿ ಇಂಗ್ಲೆಂಡಿನ ನಿಕ್ ನೈಟ್‌ಗೆ ಶೋಯೆಬ್ ಅಖ್ತರ್ ಎಸೆದ ಚೆಂಡು ಗಂಟೆಗೆ 161.3 ಕಿ.ಮೀ. ದಾಖಲಾಯಿತು. ಅಂಥ ಚೆಂಡೂ ಗಾಳಿಯನ್ನು ಸೀಳಿಕೊಂಡೇ ಬರಬೇಕು. ಪಿಚ್ ದಾಟುವಷ್ಟರಲ್ಲಿ ಗಾಳಿ ಹತ್ತರಲ್ಲಿ ಒಂದು ಪಾಲು ವೇಗವನ್ನು ಕಸಿಯುತ್ತದೆ. ನೆಲಕ್ಕೆ ಕುಟ್ಟಿದಾಗ ಇನ್ನಷ್ಟು ಹೋಗುತ್ತದೆ. ಸ್ಟಂಪಿನಿಂದ ಹದಿನೈದು ಮೀಟರಿಗೂ ಹಿಂದೆ ನಿಂತ ಕೀಪರನನ್ನು ಮುಟ್ಟುವ ಹೊತ್ತಿಗೆ ಲೆಕ್ಕದ ಪ್ರಕಾರ ಉಳಿಯುವುದು 110–120ರ ಆಸುಪಾಸು. ಅದೇ ವರ್ಷದ ವಿಶ್ವಕಪ್‌ನಲ್ಲಿ ಜಾವಗಲ್ ಶ್ರೀನಾಥರ ಚೆಂಡುಗಳಿಗೆ ರಾಹುಲ್ ದ್ರಾವಿಡ್ ಕೀಪಿಂಗ್ ಮಾಡಿದ್ದು ನಮಗೆ ನೆನಪಿದೆ. ದ್ರಾವಿಡ್ ಹುಟ್ಟಾ ಕೀಪರ್ ಅಲ್ಲ, ತಂಡದ ಅಗತ್ಯಕ್ಕೆ ಗ್ಲೌಸ್ ತೊಟ್ಟವರು.

ಹಾಗಾದರೆ ನಿಜವಾಗಿಯೂ ವೇಗವಾಗಿ ಬಂದ ಚೆಂಡನ್ನು ಹಿಡಿಯುವವರು ಯಾರು? ಬೇಸ್‌ಬಾಲ್‌ನ ಕ್ಯಾಚರ್. ಅಲ್ಲಿ ಚೆಂಡು ನೆಲ ಮುಟ್ಟುವುದಿಲ್ಲ, ಕ್ಯಾಚರ್ ಬ್ಯಾಟರನ ಬೆನ್ನಿಗೇ ಕುಕ್ಕುರುಗಾಲಲ್ಲಿ ಕೂತಿರುತ್ತಾನೆ. 2010ರಲ್ಲಿ ಅರೋಲ್ಡಿಸ್ ಚಾಪ್ಮನ್ ಎಸೆದ ಚೆಂಡಿನ ವೇಗ 105.8 ಮೈಲಿ, ಅಂದರೆ ಗಂಟೆಗೆ ಸುಮಾರು 170 ಕಿ.ಮೀ. ಅಂಥದ್ದು ಕ್ಯಾಚರನ ಕೈ ಸೇರುವಾಗಲೂ 150ರ ಆಸುಪಾಸಿನಲ್ಲೇ ಇರುತ್ತದೆ. ಕೈ ಮುರಿಯುವುದಿಲ್ಲ.

ಯಾಕೆ ಮುರಿಯುವುದಿಲ್ಲ ಎಂಬುದು ನಮ್ಮೂರಿನವರಿಗೆ ಗೊತ್ತಿರುವ ಸಂಗತಿಯೇ. ಮಳೆಗಾಲಕ್ಕೆ ಮೊದಲು ಹಂಚಿನ ಮಾಡು ರಿಪೇರಿ ಮಾಡುವಾಗ ಕೆಳಗಿನವನು ಹಂಚು ಎಸೆಯುತ್ತಾನೆ, ಮೇಲಿನವನು ಹಿಡಿಯುತ್ತಾನೆ. ಅವನ ಕೈ ಹಂಚಿಗೆ ಎದುರಾಗಿ ನಿಲ್ಲುವುದಿಲ್ಲ, ಹಂಚಿನ ಜೊತೆಗೇ ಸ್ವಲ್ಪ ದೂರ ಹೋಗುತ್ತದೆ. ಕೈ ಸೆಟೆಸಿದರೆ ಹಂಚೂ ಉಳಿಯದು, ಬೆರಳೂ ಉಳಿಯದು. ಚೆಂಡಿನದೂ ಇದೇ ಲೆಕ್ಕ. 160 ಗ್ರಾಂ ತೂಕದ ಚೆಂಡು ಗಂಟೆಗೆ 108 ಕಿ.ಮೀ. ವೇಗದಲ್ಲಿ ಬಂತೆನ್ನಿ. ಅದನ್ನು 5 ಸೆಂ.ಮೀ. ಒಳಗೆ ನಿಲ್ಲಿಸಿದರೆ ಅಂಗೈ ಮೇಲೆ ಬೀಳುವ ಸರಾಸರಿ ಒತ್ತಡ ಸುಮಾರು 147 ಕಿಲೋ ಭಾರದಷ್ಟು. ಕೈಯನ್ನು 30 ಸೆಂ.ಮೀ. ಹಿಂದಕ್ಕೆ ಎಳೆದುಕೊಳ್ಳುತ್ತಾ ಹಿಡಿದರೆ ಅದೇ ಚೆಂಡು 24 ಕಿಲೋಗೆ ಇಳಿಯುತ್ತದೆ. ಗ್ಲೌಸು ನೋವನ್ನು ಹಂಚುತ್ತದೆ ಅಷ್ಟೆ, ಹೆಚ್ಚಿನ ಕೆಲಸ ಮೊಣಕೈ ಮತ್ತು ಭುಜದ್ದು.

ಕೈ ತಡೆಯಬಲ್ಲ ವೇಗದ ಮಿತಿಯನ್ನು ಮೈಮೇಲೆ ಹಾಕಿಕೊಂಡು ಪರೀಕ್ಷಿಸಿದವರೂ ಇದ್ದಾರೆ. 1908ರಲ್ಲಿ ಗ್ಯಾಬಿ ಸ್ಟ್ರೀಟ್ ಎಂಬ ಕ್ಯಾಚರ್ 169 ಮೀಟರ್ ಎತ್ತರದ ವಾಷಿಂಗ್ಟನ್ ಸ್ಮಾರಕದ ಮೇಲಿನಿಂದ ಬಿಟ್ಟ ಚೆಂಡುಗಳನ್ನು ಹಿಡಿಯಲು ನಿಂತ. ಹದಿಮೂರನೆಯದು ಕೈಗೆ ಸಿಕ್ಕಿತು, ಕೈಗೆ ಏನೂ ಆಗಲಿಲ್ಲ. 1939ರಲ್ಲಿ ಜೋ ಸ್ಪ್ರಿಂಜ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗಾಳಿಹಡಗಿನಿಂದ ಬಿಟ್ಟ ಚೆಂಡಿಗೆ ಕೈ ಒಡ್ಡಿದ. ಚೆಂಡು ಗ್ಲೌಸನ್ನು ಅವನ ಮುಖಕ್ಕೇ ಅಪ್ಪಳಿಸಿತು. ದವಡೆ ಮುರಿದು ಹಲ್ಲುಗಳು ಹೋದವು. ಎತ್ತರ ಹೆಚ್ಚಾದ್ದರಿಂದ ವೇಗ ವಿಪರೀತವಾಯಿತು ಎನ್ನುವಂತಿಲ್ಲ. ಬೀಳುವ ಚೆಂಡನ್ನು ಗಾಳಿ ಒಂದು ವೇಗದ ಆಚೆ ಹೋಗಗೊಡುವುದಿಲ್ಲ, ಎರಡೂ ಸಲ ಚೆಂಡು ಆ ವೇಗಕ್ಕೆ ಹತ್ತಿರವೇ ಇತ್ತು. ಒಬ್ಬನ ಕೈಗೆ ಹಿಂದೆ ಸರಿಯಲು ಜಾಗವಿತ್ತು. ಇನ್ನೊಬ್ಬನ ಕೈಯ ಹಿಂದೆ ಅವನದೇ ಮುಖವಿತ್ತು.

ಮಿತಿ ಇರುವುದು ಹೊತ್ತಿನಲ್ಲಿ. ಕಣ್ಣು ಕಂಡದ್ದಕ್ಕೆ ಕೈ ಅಲುಗಲು ಸೆಕೆಂಡಿನ ಐದರಲ್ಲೊಂದು ಭಾಗ, ಅಂದರೆ 0.2 ಸೆಕೆಂಡ್ ಬೇಕೇಬೇಕು. ಅಭ್ಯಾಸದಿಂದ ಇದು ಹೆಚ್ಚೇನೂ ಇಳಿಯದು. 14 ಮೀಟರ್ ದೂರದ ಸ್ಲಿಪ್‌ಗೆ 110ರ ವೇಗದ ಎಡ್ಜ್ ತಲುಪಲು ಸುಮಾರು 0.45 ಸೆಕೆಂಡ್. ಚೆಂಡು ಕಂಡ ಮೇಲೂ ಕೈ ಆಡಿಸಲು ಅಲ್ಲಿ ಕಾಲು ಸೆಕೆಂಡ್ ಉಳಿಯುತ್ತದೆ. ಟೆಸ್ಟ್‌ನಲ್ಲಿ ದ್ರಾವಿಡ್ ಹಿಡಿದ 210 ಕ್ಯಾಚ್‌ಗಳಲ್ಲಿ ಹಲವು ಈ ಕಾಲು ಸೆಕೆಂಡಿನವು.

ಈಗ ದೊಡ್ಡ ತಪ್ಪು ಕಲ್ಪನೆಗೆ ಬರೋಣ: ಫಾಸ್ಟ್ ಬೌಲಿಂಗಿಗೆ ಕೀಪಿಂಗ್ ಕಷ್ಟ, ಸ್ಪಿನ್‌ಗೆ ಸುಲಭ. ತಿರುಗಿಸಿ ಹೇಳಿದರೆ ಸರಿ. ಬಿ.ಎಸ್. ಚಂದ್ರಶೇಖರ್ ಪೋಲಿಯೊ ಬಾಧಿಸಿದ ಬಲಗೈಯಲ್ಲಿ ಸ್ಪಿನ್ನರುಗಳಿಗೆ ಮೀರಿದ ವೇಗದಲ್ಲಿ ಗೂಗ್ಲಿ ಬಿಡುತ್ತಿದ್ದರು, ಸೈಯದ್ ಕಿರ್ಮಾನಿ ಸ್ಟಂಪಿಗೆ ಅಂಟಿಕೊಂಡು ನಿಲ್ಲುತ್ತಿದ್ದರು. ಬ್ಯಾಟಿನಿಂದ ಗ್ಲೌಸಿಗೆ ಒಂದು ಮೀಟರ್. ಚೆಂಡು 90ರ ವೇಗದಲ್ಲಿ ಬಂದರೆ ಎಡ್ಜ್ ತಾಗಿದ 0.04 ಸೆಕೆಂಡಿನಲ್ಲಿ ಕೈ ಮುಟ್ಟುತ್ತದೆ. ಆ ಹೊತ್ತಿನಲ್ಲಿ ಯಾವ ಮನುಷ್ಯನೂ ಕೈ ಅಲುಗಿಸಲಾರ. ಗ್ಲೌಸು ಮೊದಲೇ ಸರಿಯಾದ ಜಾಗದಲ್ಲಿ ಇರಬೇಕು, ಅಷ್ಟೇ ದಾರಿ. ಬೌಲರನ ಮಣಿಕಟ್ಟು ಓದಿ, ಪುಟಿಯುವ ಎತ್ತರಕ್ಕೆ ತಕ್ಕಂತೆ ಎದ್ದ ಕೀಪರನಿಗೆ ಅದು ಸಿಕ್ಕುತ್ತದೆ. 88 ಟೆಸ್ಟ್, 160 ಕ್ಯಾಚ್, 38 ಸ್ಟಂಪಿಂಗ್ ಎಂಬ ಕಿರ್ಮಾನಿಯವರ ಲೆಕ್ಕವನ್ನು ನಾನು ಈ ಕಾರಣಕ್ಕೇ ಬಹಳ ದೊಡ್ಡದೆಂದು ಎಣಿಸುತ್ತೇನೆ. ಪ್ರಸನ್ನ, ಚಂದ್ರಶೇಖರರ ಬೌಲಿಂಗಿಗೆ ಹೆಲ್ಮೆಟ್ ಇಲ್ಲದೆ ಶಾರ್ಟ್ ಲೆಗ್‌ನಲ್ಲಿ ನಿಂತ ಏಕನಾಥ ಸೋಲ್ಕರ್ 27 ಟೆಸ್ಟ್‌ಗಳಲ್ಲಿ 53 ಕ್ಯಾಚ್ ಹಿಡಿದದ್ದೂ ಇದೇ ಬಗೆಯ ಸಾಧನೆ.

ಅಪಾಯವೂ ಅಲ್ಲೇ. ಮಾರ್ಕ್ ಬೌಷರ್ ವರ್ಷಗಟ್ಟಲೆ ದಕ್ಷಿಣ ಆಫ್ರಿಕಾದ ವೇಗಿಗಳಿಗೆ ಕೀಪಿಂಗ್ ಮಾಡಿದವರು. ಅವರ ಆಟ ನಿಂತದ್ದು 2012ರಲ್ಲಿ ಟಾಂಟನ್‌ನಲ್ಲಿ, ಸ್ಪಿನ್ನರ್ ಇಮ್ರಾನ್ ತಾಹಿರ್ ಬೌಲಿಂಗ್‌ನಲ್ಲಿ ಹಾರಿದ ಬೇಲ್ ಕಣ್ಣಿಗೆ ಬಡಿದಾಗ. 1998ರಲ್ಲಿ ಢಾಕಾದಲ್ಲಿ ರಮಣ್ ಲಾಂಬಾ ಸತ್ತದ್ದು ಹೆಲ್ಮೆಟ್ ಇಲ್ಲದೆ ಶಾರ್ಟ್ ಲೆಗ್‌ನಲ್ಲಿ ನಿಂತು.

"ಕಡೇ ತನಕ ಬಾಲ್ ಮೇಲೆ ಕಣ್ಣಿಡು" ಎಂದು ಹೇಳಿಕೊಡುತ್ತೇವಲ್ಲ, ಅದೂ ಅರ್ಧ ಸತ್ಯವೇ. 2000ದಲ್ಲಿ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲಿಯೋಡ್ ಬ್ಯಾಟರುಗಳ ಕಣ್ಣಿನ ಚಲನೆ ಅಳೆದರು. ಒಳ್ಳೆಯ ಆಟಗಾರನ ಕಣ್ಣು ಚೆಂಡನ್ನು ಸ್ವಲ್ಪ ನೋಡಿ, ಅದು ಪುಟಿಯುವ ಜಾಗಕ್ಕೆ ಮೊದಲೇ ಹೋಗಿ ಕಾಯುತ್ತಿತ್ತು.

ಇನ್ನು ಟೆನ್ನಿಸ್ ಬಾಲು. ಅದು ಮೆದು, ನೋವಿಲ್ಲ, ಹಾಗಾಗಿ ಸುಲಭ ಎಂಬುದೇ ಹುಣಿಯ ಮೇಲಿನವರ ಎರಡನೇ ತಪ್ಪು. ನಿಯಮದ ಪ್ರಕಾರ 100 ಇಂಚು ಎತ್ತರದಿಂದ ಬಿಟ್ಟ ಟೆನ್ನಿಸ್ ಚೆಂಡು 53 ಇಂಚಿಗೂ ಮೇಲೆ ಪುಟಿಯಬೇಕು. ಪುಟಿಯಲೆಂದೇ ಮಾಡಿದ ವಸ್ತು ಅಂಗೈಯಿಂದಲೂ ಪುಟಿಯುತ್ತದೆ. ಬೆರಳು ಮಡಚುವ ಮೊದಲೇ ಅದು ಹೊರಟಿರುತ್ತದೆ. ಲೆದರ್ ಬಾಲ್ ಕೈಯಲ್ಲಿ ಕೂರುತ್ತದೆ, ಇದು ಕೂರುವುದಿಲ್ಲ. ಇದಕ್ಕೆ ಕೈಯನ್ನು ಇನ್ನೂ ಸಡಿಲ ಬಿಟ್ಟು, ಎದೆಯ ಹತ್ತಿರಕ್ಕೆ ತಂದುಕೊಂಡು ಹಿಡಿಯಬೇಕು. ಮುಂದಿನ ಪಂದ್ಯಾಟದಲ್ಲಿ ಕ್ಯಾಚ್ ಬಿಟ್ಟ ಹುಡುಗನಿಗೆ ಯಾರಾದರೂ ಬೈಯುವ ಬದಲು ಇದನ್ನು ತೋರಿಸಿಕೊಡಲಿ. ಲೆದರ್ ಬಾಲ್ ಆಡುವ ದಿನ, ಸ್ಪಿನ್ನರ್ ಬಂದ ಕೂಡಲೇ ಕೀಪರನ ಹೆಲ್ಮೆಟ್ ಕಳಚಿಸಿ ಬದಿಗಿಡದಿರಲಿ.