ಅಟ್ಟದ ಮೇಲಿನ ಕೂರಿಗೆಯನ್ನು ಗುರುತಿಸಿ



ಗುಬ್ಬಿ, ಕುಣಿಗಲ್ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ, ಕೊಟ್ಟಿಗೆಯಲ್ಲಿ ತಾತಂದಿರ ಕಾಲದ ಬೇಸಾಯದ ಮುಟ್ಟುಗಳು ಇನ್ನೂ ಉಳಿದಿವೆ. ಅವನ್ನು ಒಲೆಗೋ, ತುಮಕೂರಿನ ಗುಜರಿ ಅಂಗಡಿಗೋ ಹಾಕುವ ಮುನ್ನ ಏನೆಂದು ತಿಳಿದುಕೊಳ್ಳಿ.

ಉದ್ದನೆಯ ದಿಂಡಿನಲ್ಲಿ ಸಾಲಾಗಿ ತೂತುಗಳಿದ್ದರೆ ಅದು ಕೂರಿಗೆ. ತೂತುಗಳಿಗೆ ತಾಳು, ತಾಳಿಗೆ ಬಿದಿರಿನ ಕೊಳವೆ, ಕೊಳವೆಗಳು ಮೇಲೆ ಕೂಡುವಲ್ಲಿ ಬೀಜ ಬಿಡುವ ಮರದ ಬಟ್ಟಲು. ಕೊಳವೆ ಒಂಟಿಯಾಗಿ ಸಿಕ್ಕರೆ, ಅದು ರಾಗಿಯ ನಡುವೆ ಅವರೆ, ತೊಗರಿಯ ಅಕ್ಕಡಿ ಬಿತ್ತುತ್ತಿದ್ದ ಸಡ್ಡೆ ಇರಬಹುದು. ಅಡ್ಡಲಾಗಿ ಕಬ್ಬಿಣದ ಅಲಗಿದ್ದರೆ ಕುಂಟೆ.

1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತಮ್ಮ ಪ್ರವಾಸಗ್ರಂಥದಲ್ಲಿ ಕೂರಿಗೆ, ಕುಂಟೆಗಳನ್ನು ವಿವರಿಸಿ ಚಿತ್ರಗಳನ್ನೂ ಕೊಟ್ಟಿದ್ದಾರೆ. ನಿಮ್ಮ ಮನೆಯದನ್ನು ಅದಕ್ಕೆ ಹೋಲಿಸಿ ನೋಡಬಹುದು.

ಮಾಡಬೇಕಾದುದು ಇಷ್ಟು:

1. ತೂತುಗಳನ್ನು ಎಣಿಸಿ, ನಡುವಿನ ಅಂತರ ಅಳೆಯಿರಿ. ನಿಮ್ಮ ಹಿರಿಯರು ಬಿತ್ತುತ್ತಿದ್ದ ಸಾಲಿನ ಅಂತರ ಅದೇ.

2. ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಬೇಡಿ. ಕಮ್ಮಾರನ ಗುರುತಿದ್ದರೆ ಅಳಿಸಿಹೋಗುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಎಣ್ಣೆ ಸವರಿ, ಗೆದ್ದಲು ತಾಗದ ಕಡೆ ಇಡಿ.

3. ಯಾವ ಮರ, ಮಾಡಿದವರು ಯಾರು, ಹೂಡುತ್ತಿದ್ದುದು ಹೇಗೆ ಎಂದು ಊರಿನ ಹಿರಿಯರನ್ನೂ ಬಡಗಿಯನ್ನೂ ಈ ವಾರವೇ ಕೇಳಿ. ಕೂರಿಗೆ ಹಿಡಿದು ಬಿತ್ತಿದವರು ಈಗ ಊರಿಗೆ ಒಬ್ಬಿಬ್ಬರು ಸಿಕ್ಕರೆ ಹೆಚ್ಚು. ಅವರು ಹೇಳಿದ್ದನ್ನು ಚೀಟಿಯಲ್ಲಿ ಬರೆದು ಮುಟ್ಟಿಗೇ ಕಟ್ಟಿಡಿ.