ಗರಗಸಕ್ಕೆ ಮುಂಚೆ ಗೆರೆ

ಮೈಸೂರಿನ ಮಂಡಿ ಮೊಹಲ್ಲಾದ ಓಣಿಗಳಲ್ಲಿ ಬೀಟೆ ಮರದ ಹಲಗೆಯಲ್ಲಿ ಬೇರೆ ಮರದ ತುಂಡು ಕೂರಿಸುವ ಇನ್ಲೇ ಕೆಲಸ ಮಾಡುವ ಕುಟುಂಬಗಳಿವೆ. ಅಂಗಡಿಗೆ ಬಂದ ಪ್ರವಾಸಿಗರ ಕಣ್ಣಿಗೆ ಬೀಳುವುದು ಅಂಬಾರಿ ಹೊತ್ತ ಆನೆ, ಅರಮನೆ, ತೆಂಗಿನ ಮರದ ಹಳ್ಳಿ. ಆದರೆ ಕೆಲಸ ಶುರುವಾಗುವುದು ಮರದಿಂದಲ್ಲ, ಹಾಳೆಯಿಂದ. ಚಿತ್ರವನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳಬೇಕು, ಅದರ ಪ್ರತಿಗಳನ್ನು ತೆಗೆಯಬೇಕು, ಆನೆಯ ದೇಹಕ್ಕೆ ಯಾವ ಮರ, ಜೂಲಿಗೆ ಯಾವ ಮರ ಎಂದು ವಿಂಗಡಿಸಬೇಕು. ಆಮೇಲೆ ಆ ಕಾಗದದ ತುಂಡುಗಳನ್ನು ತೆಳು ಹಲಗೆಗಳಿಗೆ ಅಂಟಿಸಿ, ಗೆರೆ ಹಿಡಿದು ಸಣ್ಣ ಗರಗಸ ಓಡಿಸುವುದು. ಹಳದಿ ಬೇಕಾದಲ್ಲಿ ಹಲಸು, ಕಪ್ಪು ಬೇಕಾದಲ್ಲಿ ಕರಿಮರ. ಬಣ್ಣ ಹಚ್ಚುವ ಮಾತಿಲ್ಲ.

ಕಂಪ್ಯೂಟರ್‌ನಲ್ಲಿ ನಕ್ಷೆ ಬರೆಯುವವರು, ಅಂದರೆ ಕ್ಯಾಡ್ ಕೆಲಸದವರು, ಮಾಡುವುದೂ ಇದನ್ನೇ. ಒಂದೊಂದು ಬಗೆಯ ಗೆರೆಯನ್ನು ಒಂದೊಂದು ಲೇಯರ್‌ಗೆ ಹಾಕುತ್ತಾರೆ: ಗೋಡೆಗೆ ಒಂದು, ಬಾಗಿಲು ಕಿಟಕಿಗೆ ಇನ್ನೊಂದು, ಅಳತೆಗೆ ಮತ್ತೊಂದು. ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳನ್ನು ಮುಂದೆ ಕೂರಿಸಿಕೊಂಡು ‘ಕ್ಯಾಡ್ ಕಲಿಸೋಣವಾ?’ ಎಂದು ಯೋಚಿಸುವ ಈ ಮೊಹಲ್ಲಾದ ಅಪ್ಪ ಅಮ್ಮಂದಿರು ಆ ವಿದ್ಯೆ ತಮಗೆ ಪೂರಾ ಹೊರಗಿನದು ಎಂದುಕೊಳ್ಳಬೇಕಾಗಿಲ್ಲ.

ಮೊಹಲ್ಲಾದ ಮಗ್ಗುಲಲ್ಲಿರುವ ಸಯ್ಯಾಜಿರಾವ್ ರಸ್ತೆಯಲ್ಲೇ ಗೆರೆ ಎಳೆಯುವ ವಿದ್ಯೆಯ ಹಳೆಯ ಶಾಲೆ ಇತ್ತು. ಈಗ ಕಾವೇರಿ ಕರಕುಶಲ ಮಳಿಗೆ ಇರುವ ಭವ್ಯ ಕಟ್ಟಡ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯದು. 1906ರಲ್ಲಿ ಅದಕ್ಕೆ ಅಡಿಗಲ್ಲು ಇಟ್ಟವರು ಮುಂದೆ ಐದನೇ ಜಾರ್ಜ್ ದೊರೆಯಾದ ವೇಲ್ಸ್ ರಾಜಕುಮಾರ. ಚಿತ್ರಕಲೆಯೂ ಮರಗೆಲಸವೂ ಒಂದೇ ಸೂರಿನಡಿ ಕಲಿಸುತ್ತಿದ್ದ ಜಾಗ ಅದು. ಚಿತ್ರಕಲಾವಿದ ಕೆ. ವೆಂಕಟಪ್ಪನವರು ಅಲ್ಲಿ ಓದಿದವರು. ಅದೇ ಹೊತ್ತಿಗೆ ಸ್ವಲ್ಪ ದೂರದಲ್ಲಿ, 1897ರ ಬೆಂಕಿಯಲ್ಲಿ ಸುಟ್ಟುಹೋದ ಮರದ ಅರಮನೆಯ ಜಾಗದಲ್ಲಿ ಹೆನ್ರಿ ಇರ್ವಿನ್ ನಕ್ಷೆಯ ಹೊಸ ಅರಮನೆ ಏಳುತ್ತಿತ್ತು. ಅದು ಮುಗಿದದ್ದು 1912ರಲ್ಲಿ. ಅಷ್ಟು ದೊಡ್ಡ ಕಟ್ಟಡದ ಪ್ರತಿ ಕಮಾನಿಗೂ ಯಾರೋ ಕೂತು ಕೈಯಲ್ಲೇ ಗೆರೆ ಎಳೆದಿರಬೇಕಲ್ಲ!

ಕೈಯಲ್ಲಿ ಗೆರೆ ಎಳೆಯುವ ಕಾಲ ತೀರಾ ಹಿಂದಿನದೇನಲ್ಲ. ಡ್ರಾಯಿಂಗ್ ಬೋರ್ಡು, ಟೀ ಸ್ಕ್ವೇರು, ಇಂಕಿನ ಪೆನ್ನು, ತಪ್ಪಿದ ಗೆರೆಯನ್ನು ಟ್ರೇಸಿಂಗ್ ಹಾಳೆಯಿಂದ ಮೆಲ್ಲಗೆ ಕೆರೆದು ತೆಗೆಯಲು ಒಂದು ಬ್ಲೇಡು, ಪ್ರತಿ ತೆಗೆಸಲು ಹೋದರೆ ಮೂಗಿಗೆ ಬಡಿಯುವ ಅಮೋನಿಯಾ ವಾಸನೆ: ಇದೆಲ್ಲ ಉಂಡು ಬೆಳೆದ ಡ್ರಾಫ್ಟ್ಸ್‌ಮನ್‌ಗಳು ಈಗಲೂ ಇದ್ದಾರೆ. ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್‌ಲ್ಯಾಂಡ್ 1963ರಲ್ಲೇ ‘ಸ್ಕೆಚ್‌ಪ್ಯಾಡ್’ ಮಾಡಿ, ಪರದೆಯ ಮೇಲೆ ಬೆಳಕಿನ ಪೆನ್ನಿನಿಂದ ಗೆರೆ ಎಳೆದು ತೋರಿಸಿದ್ದರು. ಆದರೆ ಸಾಮಾನ್ಯರ ಮೇಜಿನ ಮೇಲಿನ ಕಂಪ್ಯೂಟರಿಗೆ ಈ ವಿದ್ಯೆ ಇಳಿದದ್ದು 1982ರ ಕೊನೆಯಲ್ಲಿ ಆಟೋಕ್ಯಾಡ್ ಬಂದ ಮೇಲೆ. ಬ್ಲೇಡಿನ ಜಾಗಕ್ಕೆ ‘ಅನ್‌ಡು’ ಬಂತು. ಅಳತೆ ತಪ್ಪಿದರೆ ಬೈಸಿಕೊಳ್ಳುವುದೇನೂ ನಿಲ್ಲಲಿಲ್ಲ.

ತರಬೇತಿ ಕೇಂದ್ರಗಳ ಬೋರ್ಡುಗಳಲ್ಲಿ ಸಾಫ್ಟ್‌ವೇರ್‌ಗಳ ಹೆಸರುಗಳೇ ದಪ್ಪ ಅಕ್ಷರದಲ್ಲಿರುತ್ತವೆ: ಆಟೋಕ್ಯಾಡ್, ಸಾಲಿಡ್‌ವರ್ಕ್ಸ್, ಕ್ಯಾಟಿಯಾ, ರೆವಿಟ್. ಬಟನ್‌ಗಳನ್ನು ಕೆಲವು ವಾರಗಳಲ್ಲಿ ಕಲಿಯಬಹುದು, ಸುಳ್ಳಲ್ಲ. ಕಷ್ಟ ಇರುವುದು ಬೇರೆ ಕಡೆ. ಮೇಲಿನಿಂದ ನೋಡಿದಾಗ ವಸ್ತು ಹೇಗೆ ಕಾಣುತ್ತದೆ, ಪಕ್ಕದಿಂದ ಹೇಗೆ, ಸೀಳಿದರೆ ಒಳಗೇನಿದೆ ಎಂಬುದು ತಲೆಯಲ್ಲಿ ಮೂಡಬೇಕು. ಈ ನೋಟಗಳನ್ನು ಹಾಳೆಯಲ್ಲಿ ಜೋಡಿಸುವುದಕ್ಕೆ ಭಾರತದಲ್ಲಿ ‘ಫಸ್ಟ್ ಆ್ಯಂಗಲ್’ ಪದ್ಧತಿ, ಅಮೆರಿಕದ ನಕ್ಷೆಗಳಲ್ಲಿ ‘ಥರ್ಡ್ ಆ್ಯಂಗಲ್’. ಯಾವುದು ಎಂದು ಹೇಳುವುದು ಹಾಳೆಯ ಮೂಲೆಯಲ್ಲಿರುವ, ತುದಿ ಕತ್ತರಿಸಿದ ಶಂಕುವಿನ ಪುಟ್ಟ ಗುರುತು. ಅದನ್ನು ನೋಡದೆ ಕೆಲಸಕ್ಕೆ ಕೂತರೆ ಎಡಗಡೆಯ ತೂತು ಬಲಗಡೆ ಬಿದ್ದಿರುತ್ತದೆ.

ಮಂಡಿ ಮೊಹಲ್ಲಾಕ್ಕೆ ಹತ್ತಿರದ ಉದಾಹರಣೆಯನ್ನೇ ನೋಡಬಹುದು. ಒಂದು ಕಮಲದ ಎಸಳನ್ನು ಲೇಸರ್ ಯಂತ್ರದಲ್ಲಿ ಕತ್ತರಿಸಬೇಕು ಎಂದಿಟ್ಟುಕೊಳ್ಳಿ. ಕಿರಣ ತಾನು ಹಾದ ದಾರಿಯಲ್ಲಿ ಒಂದಿಷ್ಟು ಮರವನ್ನು ಸುಟ್ಟುಹಾಕುತ್ತದೆ. ಯಂತ್ರ ಮತ್ತು ಮರದ ದಪ್ಪ ನೋಡಿಕೊಂಡು ಆ ಸೀಳಿನ ಅಗಲ ಸಾಮಾನ್ಯವಾಗಿ 0.1ರಿಂದ 0.3 ಮಿ.ಮೀ. ಇರಬಹುದು. ಎಸಳಿಗೂ ಅದು ಕೂರುವ ಗುಂಡಿಗೂ ಒಂದೇ ಗೆರೆ ಕೊಟ್ಟರೆ ಎಸಳು ಸುತ್ತಲೂ ಸವೆದು, ಗುಂಡಿ ಸುತ್ತಲೂ ಅಗಲವಾಗಿ, ನಡುವೆ ಸಂದು ಬಿಡುತ್ತದೆ. ಅದಕ್ಕೇ ಎಸಳಿನ ಗೆರೆಯನ್ನು ಅಷ್ಟರಮಟ್ಟಿಗೆ ಹೊರಕ್ಕೆ ಸರಿಸಿ ಬರೆಯಬೇಕು. ಸಿಎನ್‌ಸಿ ರೂಟರ್ ಎಂಬ ಕೊರೆಯುವ ಯಂತ್ರವಾದರೆ ತಕರಾರು ಬೇರೆ. 3 ಮಿ.ಮೀ. ವ್ಯಾಸದ ಕಟರ್ ಎಷ್ಟೇ ತಿರುಗಿದರೂ ಗುಂಡಿಯ ಒಳಮೂಲೆಯಲ್ಲಿ 1.5 ಮಿ.ಮೀ. ತ್ರಿಜ್ಯದ ದುಂಡು ಉಳಿಸಿಯೇ ಬಿಡುತ್ತದೆ. ಎಸಳಿನ ಚೂಪು ತುದಿ ಅಲ್ಲಿ ಕೂರುವುದಿಲ್ಲ. ಉಳಿಯಿಂದ ಮೂಲೆ ಬಿಡಿಸಬೇಕು, ಇಲ್ಲವೇ ಚಿತ್ರವನ್ನೇ ತಿದ್ದಬೇಕು. ಯಾವುದು ಸರಿ ಎಂಬುದು ಸಾಫ್ಟ್‌ವೇರಿಗೆ ಗೊತ್ತಿಲ್ಲ, ಗರಗಸ ಹಿಡಿದವರಿಗೆ ಗೊತ್ತು.

ಕಲಿಯುವ ದಾರಿಗಳೂ ಹಲವು. ಐಟಿಐಗಳಲ್ಲಿ ಡ್ರಾಫ್ಟ್ಸ್‌ಮನ್ ಸಿವಿಲ್, ಡ್ರಾಫ್ಟ್ಸ್‌ಮನ್ ಮೆಕ್ಯಾನಿಕಲ್ ಎಂಬ ಎರಡು ವರ್ಷದ ಕೋರ್ಸುಗಳಿವೆ, ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕು. ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜತೆ ಸೇರಿ 150 ಸರ್ಕಾರಿ ಐಟಿಐಗಳನ್ನು ಹೊಸದಾಗಿ ಸಜ್ಜುಗೊಳಿಸಿದೆ. 2022ರ ಜೂನ್‌ನಲ್ಲಿ ಪ್ರಧಾನಿ ಅವುಗಳನ್ನು ಲೋಕಾರ್ಪಣೆ ಮಾಡಿದರು. ಯಂತ್ರಭಾಗಗಳನ್ನು ಕಂಪ್ಯೂಟರ್‌ನಲ್ಲೇ ವಿನ್ಯಾಸ ಮಾಡಿ ಪರೀಕ್ಷಿಸುವುದನ್ನು ಕಲಿಸುವ ಕೋರ್ಸೂ ಈ ಯೋಜನೆಯಲ್ಲಿ ಸೇರಿದೆ.

ಲೋಹದ ಕೆಲಸದತ್ತ ಮನಸ್ಸಿದ್ದರೆ ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಈ ಸಂಸ್ಥೆಗೆ ಮೈಸೂರಿನಲ್ಲೂ ಕೇಂದ್ರವಿದೆ. ಇದರ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷದ ಓದಿನ ಮೇಲೆ ಒಂದು ವರ್ಷ ಕಾರ್ಖಾನೆಯ ತರಬೇತಿ. ತಾನು ಬರೆದ ನಕ್ಷೆಯ ಅಚ್ಚನ್ನು ತಾನೇ ಯಂತ್ರದಲ್ಲಿ ಕಡೆದು ನೋಡುವ ಅವಕಾಶ ಇಲ್ಲಿ ಸಿಗುವಷ್ಟು ಬೇರೆ ಕಡೆ ಸಿಗುವುದು ಕಷ್ಟ. ಮೈಸೂರಿನದೇ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿರುವ ಸಿಪೆಟ್ ಎಂಬ ತರಬೇತಿ ಸಂಸ್ಥೆ ಪ್ಲಾಸ್ಟಿಕ್‌ಗೆ ಮೀಸಲು. ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷದ ಮೌಲ್ಡ್ ಡಿಪ್ಲೊಮಾ ಇದೆ. ಡಿಪ್ಲೊಮಾ ಆದವರಿಗೆ ಕ್ಯಾಡ್-ಕ್ಯಾಮ್ ಸಹಿತ ಮೌಲ್ಡ್ ವಿನ್ಯಾಸದ ಒಂದೂವರೆ ವರ್ಷದ ಪೋಸ್ಟ್ ಡಿಪ್ಲೊಮಾ.

ಇನ್ನೊಂದು ಸಂಸ್ಥೆಯ ಹೆಸರು ಈ ಮಾತಿನಲ್ಲಿ ಬರುವುದು ಕಡಿಮೆ, ಬರಬೇಕು. 1989ರಲ್ಲಿ ಆರಂಭವಾದ ಮೈಸೂರಿನ ಜೆಎಸ್ಎಸ್ ವಿಶೇಷಚೇತನರ ಪಾಲಿಟೆಕ್ನಿಕ್‌ನಲ್ಲಿ ಆರ್ಕಿಟೆಕ್ಚರ್ ಮತ್ತು ಆಭರಣ ವಿನ್ಯಾಸದ ಡಿಪ್ಲೊಮಾಗಳಿವೆ. ಕಿವಿ ಕೇಳದ ಮಕ್ಕಳು ಸಂಜ್ಞಾ ಭಾಷೆಯ ನೆರವಿನಿಂದ ಇಲ್ಲಿ ಕಲಿಯುತ್ತಾರೆ. ಸೈಟಿನಲ್ಲಿರುವ ಮೇಸ್ತ್ರಿಗೂ ನಕ್ಷೆ ಬರೆದವರಿಗೂ ನಡುವಿನ ಮಾತುಕತೆ ಹೆಚ್ಚಾಗಿ ಹಾಳೆಯ ಮೂಲಕವೇ ನಡೆಯುವುದರಿಂದ ಈ ವೃತ್ತಿಯಲ್ಲಿ ಕಿವುಡುತನ ಬೇರೆಡೆಯಷ್ಟು ಅಡ್ಡಿಯಾಗುವುದಿಲ್ಲ.

ಉಳಿದದ್ದು ಖಾಸಗಿ ಕೇಂದ್ರಗಳ ಅಲ್ಪಾವಧಿ ಕೋರ್ಸುಗಳು. ಐಟಿಐ, ಡಿಪ್ಲೊಮಾ ಅಥವಾ ಬಿಇ ಆದವರಿಗೆ ಇವು ಒಳ್ಳೆಯ ಮೇಲುಪಾಠ. ಬುನಾದಿ ಇಲ್ಲದವರಿಗೆ ಸರ್ಟಿಫಿಕೇಟ್ ಬರುತ್ತದೆ, ಕೆಲಸ ಬರುವುದು ಅನುಮಾನ. ‘ನೂರಕ್ಕೆ ನೂರು ಉದ್ಯೋಗ’ ಎಂಬ ಬೋರ್ಡು ಕಂಡರೆ ಫೀಸು ಕಟ್ಟುವ ಮುಂಚೆ ಎರಡು ಪ್ರಶ್ನೆ ಕೇಳುವುದು ವಾಸಿ. ಕಲಿಸುವವರು ಕಾರ್ಖಾನೆಯಲ್ಲೋ ಆರ್ಕಿಟೆಕ್ಟ್ ಕಚೇರಿಯಲ್ಲೋ ಕೆಲಸ ಮಾಡಿದವರೇ? ಕೋರ್ಸು ಮುಗಿಯುವ ಹೊತ್ತಿಗೆ ವಿದ್ಯಾರ್ಥಿಯ ಕೈಯಲ್ಲಿ ಅವನೇ ಅಳತೆ ತೆಗೆದು ಬರೆದ ನಕ್ಷೆಗಳು ಎಷ್ಟಿರುತ್ತವೆ? ಸಿವಿಲ್‌ನವರಿಗೆ 30x40 ಸೈಟಿನ ಒಂದು ಮನೆಯ ಪೂರ್ತಿ ನಕ್ಷೆ, ಮೆಕ್ಯಾನಿಕಲ್‌ನವರಿಗೆ ಬಿಚ್ಚಿ ಅಳೆದ ಒಂದು ನಲ್ಲಿ ಅಥವಾ ವಾಲ್ವ್, ಬಿಡಿಭಾಗಗಳ ಸಮೇತ: ಸಂದರ್ಶನಕ್ಕೆ ಹೋಗುವಾಗ ಇಷ್ಟಾದರೂ ಫೈಲಿನಲ್ಲಿರಬೇಕು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಬೆನ್ನಿಗೇ ಐಟಿಐ, ಜಿಟಿಟಿಸಿಗಳ ಅರ್ಜಿ ಕರೆಯುತ್ತಾರೆ. ಆಗ ಪಿಯುಸಿ ಸಾಲಿನಲ್ಲೇ ನಿಂತು ಈ ತಾರೀಖುಗಳನ್ನು ತಪ್ಪಿಸಿಕೊಂಡವರು ಮುಂದಿನ ವರ್ಷದವರೆಗೆ ಕಾಯಬೇಕಾಗುತ್ತದೆ.